ಹಲ್ಲು ಸೇರುವ ಜಾಗ

ಹಲ್ಲಣ್ಣ ಬೆಂಚಿನ ಮುಂದೆ ಕೂತಾಗ ಅವರ ಮುಖ ನೋಡಿಯೇ ಯಾರ ಹಲ್ಲಿನ ಸೆಟ್ ತಯಾರಾಗುತ್ತಿದೆ ಎಂದು ಜೊತೆಗೆ ಕೆಲಸ ಮಾಡುವ ಅವರ ಭಾವಮೈದ ಹೇಳಿಬಿಡುತ್ತಿದ್ದ. ಕೆಳದವಡೆ ಮುಂದಕ್ಕೆ ಚಾಚಿದ್ದರೆ ಅದು ಮರದ ಡಿಪೋ ಮಾಲೀಕರದು. ಬಲಕ್ಕೆ ವಾಲಿದ್ದರೆ ನಿವೃತ್ತ ಬಸ್ ಡ್ರೈವರದು. ತುಟಿ ಒಳಕ್ಕೆಳೆದುಕೊಂಡು, ಹುಳಿ ತಿಂದವರ ಹಾಗೆ ಮುಖ ಮಾಡಿಕೊಂಡಿದ್ದರೆ ಯಾವುದೋ ಅಜ್ಜಿಯದು. “ಭಾವ, ಇವತ್ತು ನಿಮಗೆ ಮೊಮ್ಮಕ್ಕಳಿದಾರೆ ಅನ್ಸುತ್ತೆ” ಎಂದು ಆತ ಕಾಲೆಳೆಯುತ್ತಿದ್ದ. ಹಲ್ಲಣ್ಣ ತಲೆ ಎತ್ತದೆ, ಅದೇ ಅಜ್ಜಿಯ ಬಾಯಲ್ಲಿ, ಕೆಲಸ ನೋಡು ಎನ್ನುತ್ತಿದ್ದರು.

ಹಲ್ಲಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವರು ಡಾಕ್ಟರಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ; ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವುದು ಅವರ ಕೆಲಸ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯೇ ಲ್ಯಾಬು. ಕಿಟಕಿಯ ಕೆಳಗೆ ಉದ್ದನೆಯ ಬೆಂಚು; ಅದರ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಮೇಣದ ಹಾಳೆಗಳು, ತುದಿ ಬಾಗಿದ ಚಾಕುಗಳು, ಪೆನ್ನಿನಂತೆ ಹಿಡಿದು ಉಜ್ಜುವ ಮೋಟರು. ಗೋಡೆಯ ಕಪಾಟಿನ ತುಂಬ ಪ್ಲಾಸ್ಟರಿನ ಬಾಯಿಗಳು. ಸಂಜೆ ಮೆಟ್ಟಿಲು ಇಳಿಯುವಾಗ ಇಬ್ಬರ ಹುಬ್ಬಿನ ಮೇಲೂ ಬಿಳಿ ಪುಡಿ ಕೂತಿರುತ್ತಿತ್ತು.

ಬೆಂಚಿನ ನಡುವೆ ಒಂದು ಹಿತ್ತಾಳೆಯ ಚೌಕಟ್ಟು. ಮೇಲಿನ ಅಚ್ಚನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂರಿಸಿದರೆ ಹಿಂಬದಿಯ ಕೀಲಿನ ಮೇಲೆ ಅದು ಮನುಷ್ಯರ ದವಡೆಯಂತೆಯೇ ತೆರೆದು ಮುಚ್ಚುತ್ತದೆ. ಲ್ಯಾಬಿನಲ್ಲಿ ಅದನ್ನು ‘ಬಾಯಿ’ ಎಂದೇ ಕರೆಯುತ್ತಿದ್ದರು. ಬೇರೆ ಲ್ಯಾಬಿನವರು ಈ ಹಿತ್ತಾಳೆ ಬಾಯಿಯನ್ನು ತೆರೆದು ಮುಚ್ಚಿ, ಹಲ್ಲು ಸರಿಯಾಗಿ ಕೂತಿದೆಯೇ ಎಂದು ಕಣ್ಣಲ್ಲಿ ನೋಡುತ್ತಿದ್ದರು. ಹಲ್ಲಣ್ಣನ ರೀತಿಯೇ ಬೇರೆ. ರೋಗಿಯ ದವಡೆ ಯಾವ ಕಡೆಗೆ ವಾಲಿದೆಯೋ ತಮ್ಮ ದವಡೆಯನ್ನೂ ಅದೇ ಕಡೆಗೆ ವಾಲಿಸಿ, ಹಿತ್ತಾಳೆಯ ಬಾಯಿ ಮುಚ್ಚುವಾಗ ತಮ್ಮದನ್ನೂ ಮುಚ್ಚಿ, ಅದು ಅಗಿದಾಗ ತಾವೂ ಅಗಿಯುತ್ತಿದ್ದರು. ಎಲ್ಲಿ ತಡೆಯುತ್ತದೆ, ಎಲ್ಲಿ ಜಾರುತ್ತದೆ ಎಂಬುದು ಅವರಿಗೆ ಸ್ವಂತ ಬಾಯಲ್ಲೇ ಗೊತ್ತಾಗುತ್ತಿತ್ತು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಅವರು ಮಾಡಿದ ಸೆಟ್ ‘ಎತ್ತರ ಇದೆ, ಚುಚ್ಚುತ್ತೆ’ ಎಂದು ವಾಪಸು ಬರುವುದು ಅಪರೂಪವಾಗಿತ್ತು. ಅದಕ್ಕಾಗಿಯೇ ಡಾಕ್ಟರುಗಳು ದೂರದಿಂದಲೂ ಅಚ್ಚು ಕಳಿಸುತ್ತಿದ್ದರು.

ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜಲು ಬಾಯಿ ತೆರೆದಾಗ ಎಡಗಿವಿಯ ಮುಂದೆ ಟಕ್ ಎಂದಿತು. ನೋವಿರಲಿಲ್ಲ, ಸದ್ದಷ್ಟೇ. ಕೆಲವು ದಿನಗಳಲ್ಲಿ ಆ ಸದ್ದಿನ ಜಾಗದಲ್ಲಿ ಮಂದವಾದ ನೋವು ಹುಟ್ಟಿಕೊಂಡಿತು. ಅದು ಕೆನ್ನೆಗೆ ಇಳಿಯಿತು, ಕಣತಲೆಗೆ ಏರಿತು. ಬೆಳಿಗ್ಗೆ ಎದ್ದಾಗ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಆಕಳಿಕೆ ಬಂದರೆ ಗದ್ದವನ್ನು ಕೈಯಲ್ಲಿ ಒತ್ತಿ ಹಿಡಿಯಬೇಕಾಗುತ್ತಿತ್ತು.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅವರ ಹೆಂಡತಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಗಂಡ ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನು ಆಕೆ ಮದುವೆಯಾದಾಗಿನಿಂದ ಕೇಳುತ್ತ ಬಂದವರು. “ಪಕ್ಕದಲ್ಲಿ ಮಲಗಿದ್ರೆ ಜಲ್ಲಿ ಮಿಷನ್ ಪಕ್ಕ ಮಲಗಿದಂಗಿರುತ್ತೆ” ಎಂದು ತಮ್ಮನ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಈಗ ಮಾತ್ರ ನಗದೆ, ಡಾಕ್ಟರಿಗೆ ತೋರಿಸಿ ಬನ್ನಿ ಎಂದರು.

ಹಲ್ಲಣ್ಣ ತೋರಿಸಲಿಲ್ಲ. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಹಾಕಿಕೊಳ್ಳುವ ಗಾರ್ಡನ್ನು ಅವರು ಲೆಕ್ಕವಿಲ್ಲದಷ್ಟು ಮಾಡಿದ್ದರು. ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ಕಿನ ತೊಡಿಗೆ ಅದು. ಒಂದು ಭಾನುವಾರ ಭಾವಮೈದನಿಂದ ತಮ್ಮ ಬಾಯಿಯ ಅಚ್ಚು ತೆಗೆಸಿಕೊಂಡು ತಮಗೂ ಒಂದು ಮಾಡಿಕೊಂಡರು. ಅದನ್ನು ಹಾಕಿಕೊಂಡು ಮಲಗಿದ ಮೊದಲ ವಾರದಲ್ಲೇ ನೋವು ಅರ್ಧಕ್ಕಿಳಿಯಿತು. ಹೆಂಡತಿಯ ಮುಂದೆ ಬಾಯಿ ಅಗಲಿಸಿ ತೋರಿಸಿದರು. ಡಾಕ್ಟರ ಮನೆ ಮೆಟ್ಟಿಲು ಹತ್ತುವ ಖರ್ಚು ಉಳಿಯಿತು ಎಂದು ಆಕೆಯೂ ಒಪ್ಪಿಕೊಂಡರು.

ಮುಂದಿನ ತಿಂಗಳು ನೋವು ಬಲಗಡೆ ಶುರುವಾಯಿತು.

ಗಾರ್ಡಿನ ಬಲಬದಿ ಕೂದಲೆಳೆಯಷ್ಟು ಎತ್ತರವಿರಬೇಕು ಎಂದುಕೊಂಡು ಅದನ್ನು ಉಜ್ಜಿದರು. ನೋವು ಎಡಕ್ಕೆ ಮರಳಿತು. ಎಡವನ್ನು ಉಜ್ಜಿದರು. ಹೀಗೆ ಉಜ್ಜುತ್ತ ಉಜ್ಜುತ್ತ ಗಾರ್ಡು ತೂತು ಬಿದ್ದ ಮೇಲೆ ಅವರು, ಬಹುಕಾಲದಿಂದ ಕೆಲಸ ಕಳಿಸುತ್ತಿದ್ದ ಡಾಕ್ಟರ ಕ್ಲಿನಿಕ್ಕಿಗೆ ರೋಗಿಯಾಗಿ ಹೋದರು. ಈ ಡಾಕ್ಟರು ಹೆಂಗಸು, ಹಲ್ಲಣ್ಣನಿಗಿಂತ ಹತ್ತು ವರ್ಷ ಚಿಕ್ಕವರು. ಕೆಲಸಕ್ಕೆ ಹೊಸಬರಾಗಿದ್ದಾಗ ಅವರ ಮೊದಲ ಸೆಟ್ಟನ್ನು ತಿದ್ದಿಕೊಟ್ಟವರು ಹಲ್ಲಣ್ಣನೇ. ಅದನ್ನು ಆಕೆ ಮರೆತಿರಲಿಲ್ಲ.

ಡಾಕ್ಟರು ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿ ಮುಚ್ಚಿಸಿದರು. ಕೆನ್ನೆಯ ಸ್ನಾಯುಗಳನ್ನು ಒತ್ತಿ ನೋಡಿದರು. ದೊಡ್ಡ ಆಸ್ಪತ್ರೆಗೆ ಕಳಿಸಿ ಸ್ಕ್ಯಾನ್ ಮಾಡಿಸಿದರು. ದವಡೆಯ ಕೀಲಿನೊಳಗೆ ಇರುವ ಮೆತ್ತೆಯಂಥ ಪದರ ಎಡಗಡೆ ಸ್ವಲ್ಪ ಮುಂದಕ್ಕೆ ಸರಿದಿತ್ತು. ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಹಾಗಿರುತ್ತದೆ ಎಂದು ಆಕೆ ವಿವರಿಸಿದರು. ಮೆತ್ತಗಿನ ಊಟ ಮಾಡಬೇಕು, ಬಿಸಿ ಬಟ್ಟೆಯ ಶಾಖ ಕೊಡಬೇಕು, ಹಗಲಿನಲ್ಲಿ ಹಲ್ಲಿಗೆ ಹಲ್ಲು ತಾಗಿಸದೆ ಇರುವುದನ್ನು ರೂಢಿ ಮಾಡಿಕೊಳ್ಳಬೇಕು, ಹೇಳಿಕೊಟ್ಟ ಹಾಗೆ ನಿಧಾನಕ್ಕೆ ದವಡೆಗೆ ವ್ಯಾಯಾಮ ಕೊಡಬೇಕು. ಹೆಚ್ಚಿನವರಿಗೆ ಇಷ್ಟರಲ್ಲೇ ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

“ನಿಮ್ಮ ಹಲ್ಲಲ್ಲಿ ಏನೂ ತಪ್ಪಿಲ್ಲ. ಇದು ಹಲ್ಲಿನ ನೋವಲ್ಲ” ಎಂದರು ಡಾಕ್ಟರು. “ಇನ್ನೊಂದು ವಿಷಯ. ಬೆಂಚಿನ ಮುಂದೆ ಕೂತು ಊರವರ ದವಡೆನೆಲ್ಲ ನಿಮ್ಮ ಮುಖದ ಮೇಲೆ ತಂದ್ಕೋತೀರಲ್ಲ, ಅದನ್ನ ನಿಲ್ಲಿಸಿ.”

ಹಲ್ಲಣ್ಣ ಹಾಸ್ಯ ಎಂದುಕೊಂಡರು. ಡಾಕ್ಟರು ಹಾಸ್ಯ ಮಾಡಿರಲಿಲ್ಲ. ವರ್ಷಗಟ್ಟಲೆ ದಿನವಿಡೀ ದವಡೆಯನ್ನು ಅದರದಲ್ಲದ ಜಾಗಕ್ಕೆ ಎಳೆದು ಹಿಡಿದರೆ ಕೀಲು ಎಲ್ಲಿ ತಾನೇ ಸುಮ್ಮನಿದ್ದೀತು ಎಂದು ಕೇಳಿದರು. ಅದೇ ಕಾರಣ ಎಂದು ಖಚಿತವಾಗಿ ಹೇಳಲಾರೆ ಎಂಬುದನ್ನೂ ಸೇರಿಸಿದರು. ಹಲ್ಲಣ್ಣ ಈ ಕೊನೆಯ ಮಾತನ್ನಷ್ಟೇ ಮನೆಗೆ ತಂದು ಹೆಂಡತಿಗೆ ಒಪ್ಪಿಸಿದರು.

ಆದರೂ ಅವರು ಪ್ರಯತ್ನಿಸಲಿಲ್ಲ ಎಂದಲ್ಲ. ಬೆಂಚಿನ ಮುಂದೆ ತುಟಿ ಮುಚ್ಚಿ, ಹಲ್ಲಿಗೆ ಹಲ್ಲು ತಾಗಿಸದೆ, ಕಲ್ಲಿನಂತೆ ಕೂತರು. ಹಿತ್ತಾಳೆಯ ಬಾಯಿಯನ್ನು ಬೇರೆಯವರ ಹಾಗೆ ಕಣ್ಣಲ್ಲಿ ನೋಡಿದರು. ಏನೂ ಗೊತ್ತಾಗಲಿಲ್ಲ. ಕೈಗವಸು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗಾಗುತ್ತಿದೆ ಎಂದು ಭಾವಮೈದನಿಗೆ ಹೇಳಿದರು. ಆ ದಿನಗಳಲ್ಲಿ ಮಾಡಿದ ಸೆಟ್ಟುಗಳು ಒಂದೊಂದಾಗಿ ವಾಪಸು ಬರತೊಡಗಿದವು. ನಿವೃತ್ತ ಬಸ್ ಡ್ರೈವರು ಡಾಕ್ಟರ ಮೂಲಕ ಕಳಿಸುವ ಗೋಜಿಗೇ ಹೋಗದೆ, ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು.

“ಏನ್ ಹಲ್ಲಣ್ಣ, ಹಳೇ ಸೆಟ್ಟಲ್ಲಿ ಕಬ್ಬಿಣ ಬೇಕಾದ್ರೂ ಅಗಿತಿದ್ದೆ. ಇದ್ರಲ್ಲಿ ಮಾತಾಡಿದ್ರೆ ಗೇರ್ ಬೀಳಲ್ಲ” ಎಂದರು.

ಭಾವಮೈದ ನಕ್ಕ. ಹಲ್ಲಣ್ಣ ಸೆಟ್ಟನ್ನು ತೆಗೆದುಕೊಂಡು ನೀರಲ್ಲಿ ತೊಳೆದು, ಎರಡು ದಿನ ಬಿಟ್ಟು ಬನ್ನಿ ಎಂದರು. ಡ್ರೈವರು ಹೋದ ಮೇಲೆ ಬಹಳ ಹೊತ್ತು ಅದನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ತಿಂಗಳುಗಟ್ಟಲೆ ಕಾಯಿರಿ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಬೆಂಚು ಖಾಲಿಯಾಗುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿ ಕೂತುಬಿಟ್ಟಿತು. ತಮ್ಮ ದವಡೆ ತಮಗೆ ವಾಪಸು ಬೇಕಾಗಿತ್ತು, ಬೇಗ ಬೇಕಾಗಿತ್ತು. ಅದಿಲ್ಲದೆ ಅವರಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ.

ಅವರು ಮಾಡಿದ ತಪ್ಪನ್ನು ಬೇರೆ ರೋಗಿ ಮಾಡಲಾರ. ಬೇರೆ ರೋಗಿಗೆ ಮೋಟರು ಎಲ್ಲಿ ಸಿಗಬೇಕು? ಸಿಕ್ಕರೂ ಹಿಡಿಯಲು ಎಲ್ಲಿ ಬರಬೇಕು?

ಅವರ ವೃತ್ತಿಯಲ್ಲಿ ಒಂದು ತೆಳು ನೀಲಿ ಕಾಗದವಿದೆ. ಅದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರೆ ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಗಾಢವಾದ ನೀಲಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆಯನ್ನು ಉಜ್ಜಿ ತೆಗೆದರೆ ಸೆಟ್ ಸರಿಯಾಗಿ ಕೂರುತ್ತದೆ. ಹಲ್ಲಣ್ಣನ ಪ್ರಕಾರ ನೋವಿದ್ದಲ್ಲಿ ಎತ್ತರವಿರಲೇಬೇಕು, ಎತ್ತರವಿದ್ದಲ್ಲಿ ಚುಕ್ಕೆ ಇರಲೇಬೇಕು. ಭಾವಮೈದ ಊಟಕ್ಕೆ ಮನೆಗೆ ಹೋದ ಒಂದು ಮಧ್ಯಾಹ್ನ ಅವರು ಆ ಕಾಗದವನ್ನು ತಮ್ಮ ಬಾಯಿಗಿಟ್ಟು ಕಚ್ಚಿದರು. ಕಿಟಕಿಗೆ ಕನ್ನಡಿ ಒರಗಿಸಿ ನೋಡಿದರು. ಮೇಲಿನ ಎಡ ದವಡೆ ಹಲ್ಲಿನ ಮೇಲೆ ಸಾಸಿವೆಯಷ್ಟು ನೀಲಿ ಕಂಡಿತು. ಮೋಟರಿನ ತುದಿಗೆ ಅತಿ ಚಿಕ್ಕ ಕಲ್ಲು ಸಿಕ್ಕಿಸಿಕೊಂಡು ಅದನ್ನು ಉಜ್ಜಿದರು. ಡಾಕ್ಟರು ಏನೂ ತಪ್ಪಿಲ್ಲ ಎಂದಿದ್ದ, ಹುಳುಕಿಲ್ಲದ, ಗಟ್ಟಿ ಹಲ್ಲು ಅದು.

ಆ ಸಂಜೆ ನೋವಿರಲಿಲ್ಲ. ಬಹಳ ದಿನಗಳ ಮೇಲೆ ಅವರು ಊಟದ ತಟ್ಟೆಯ ಮುಂದೆ ಮಾತಾಡಿದರು. ಅಂಚೆ ಕಚೇರಿಯಲ್ಲಿ ಅಂಟು ಖಾಲಿಯಾಗಿ ಎಲ್ಲರೂ ಪರದಾಡಿದ ಕತೆಯನ್ನು ಹೆಂಡತಿಯಿಂದ ಎರಡು ಸಲ ಹೇಳಿಸಿಕೊಂಡು ನಕ್ಕರು. ಮರುದಿನ ಬೆಳಿಗ್ಗೆ ನೋವು ಇದ್ದ ಜಾಗದಲ್ಲೇ ಇತ್ತು.

ಮತ್ತೆ ಕಾಗದ, ಮತ್ತೆ ಚುಕ್ಕೆ. ಒಂದು ಚುಕ್ಕೆ ಹೋದರೆ ಭಾರ ಪಕ್ಕದ ಹಲ್ಲಿಗೆ ಬೀಳುತ್ತಿತ್ತು, ಅಲ್ಲೊಂದು ಚುಕ್ಕೆ ಏಳುತ್ತಿತ್ತು. ಅವರ ಕೈ ಚುರುಕಾಗಿತ್ತು, ಒಮ್ಮೆಗೆ ಧೂಳಿನಷ್ಟೇ ತೆಗೆಯುತ್ತಿದ್ದರು. ಹಾಗಾಗಿ ಎಷ್ಟು ತೆಗೆದೆ ಎಂಬುದು ಅವರಿಗೇ ತಿಳಿಯಲಿಲ್ಲ. ನೀಲಿ ಕಾಗದ ಎತ್ತರವನ್ನಷ್ಟೇ ತೋರಿಸುವುದಿಲ್ಲ. ಹಲ್ಲಿಗೆ ಹಲ್ಲು ತಾಗುವಲ್ಲೆಲ್ಲ ಅದು ಗುರುತು ಹಾಕುತ್ತದೆ. ಚುಕ್ಕೆಯೇ ಇಲ್ಲದ ಬಾಯಿ ಬೇಕೆಂದರೆ ಹಲ್ಲೇ ತಾಗದಂತಿರಬೇಕು. ಇದನ್ನು ಹೊಸಬರಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತಿದ್ದವರು ಅವರೇ.

ಮೊದಲು ಅನುಮಾನ ಬಂದದ್ದು ಹೆಂಡತಿಗೆ. ಗಂಡನ ತುಟಿಯ ಮೂಲೆಯಲ್ಲಿ ನೀಲಿ ಕಂಡು, ಇಂಕು ಕುಡಿದು ಬಂದ್ರಾ ಎಂದು ಕೇಳಿದರು. ಹಲ್ಲಣ್ಣ ಒರೆಸಿಕೊಂಡರು. ತಣ್ಣೀರು ಕುಡಿಯುವಾಗ ಅವರು ಕಣ್ಣು ಮುಚ್ಚಿಕೊಳ್ಳುವುದನ್ನೂ, ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ನುಂಗುವುದನ್ನೂ ಆಕೆ ಗಮನಿಸಿದರು. ತಮ್ಮನನ್ನು ಕರೆದು ಒಂದು ದಿನ ಊಟ ಮುಗಿಸಿ ಬೇಗ ಲ್ಯಾಬಿಗೆ ವಾಪಸು ಹೋಗಲು ಹೇಳಿದರು. ಆತ ಹೋದಾಗ ಭಾವ ಕಿಟಕಿಯ ಬೆಳಕಿಗೆ ಬಾಯಿ ಹಿಡಿದು, ಒಂದು ಕೈಯಲ್ಲಿ ಕೆನ್ನೆ ಎಳೆದು, ಇನ್ನೊಂದರಲ್ಲಿ ಮೋಟರು ಹಿಡಿದು ನಿಂತಿದ್ದರು. ಆತ ಪ್ಲಗ್ಗು ಕಿತ್ತ. ಆ ದಿನವೇ ಆತ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಬಾಯಿಯೊಳಗೆ ದೀಪ ತಿರುಗಿಸಿ ನೋಡಿ, ದೀಪ ಆರಿಸಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ದವಡೆ ಹಲ್ಲುಗಳ ಏರುತಗ್ಗು ಹೋಗಿ ನೆಲದಂತೆ ಚಪ್ಪಟೆಯಾಗಿದ್ದವು. ಎರಡರಲ್ಲಿ ಮೇಲಿನ ಬಿಳಿ ಪದರ ಪೂರ್ತಿ ಸವೆದು ಹಳದಿ ಕಾಣುತ್ತಿತ್ತು. ಆಕೆ ಬೈಯಲಿಲ್ಲ. ಇನ್ನು ಮುಂದೆ ಒಂದು ಧೂಳೂ ತೆಗೆಯಬಾರದೆಂದು ಮಾತು ತೆಗೆದುಕೊಂಡು, ಹೊಸ ಗಾರ್ಡು ಮಾಡಿಸಿಕೊಟ್ಟರು. ಅದನ್ನು ಬೇಕೆಂದೇ ಬೇರೆ ಲ್ಯಾಬಿನಲ್ಲಿ ಮಾಡಿಸಿದ್ದರು. ಪ್ರತಿ ವಾರ ಬಂದು ತೋರಿಸಬೇಕು, ತಿದ್ದುವುದಿದ್ದರೆ ನಾನೇ ತಿದ್ದುತ್ತೇನೆ ಎಂದರು. ಸ್ನಾಯು ಸಡಿಲಾಗಲು ಮಾತ್ರೆ ಕೊಟ್ಟರು. ಕೆಲವು ವಾರ ಎಲ್ಲವೂ ಹೇಳಿದಂತೆ ನಡೆಯಿತು. ಮೋಟರಿನ ಕೆಲಸವನ್ನೆಲ್ಲ ಭಾವಮೈದ ತಾನೇ ಮಾಡತೊಡಗಿದ. ನೋವು ಸ್ವಲ್ಪ ಇಳಿದಿದೆ ಎಂದು ಹಲ್ಲಣ್ಣ ಒಂದೆರಡು ಸಲ ಒಪ್ಪಿಕೊಂಡದ್ದೂ ಉಂಟು.

ಆಮೇಲಿನ ಒಂದು ಭೇಟಿಯಲ್ಲಿ ಡಾಕ್ಟರು ಗಾರ್ಡನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಹೆಬ್ಬೆರಳಾಡಿಸಿದರು.

“ಈ ಹೊಳಪು ಆ ಲ್ಯಾಬಿನವರದಲ್ಲ. ಇದು ನಿಮ್ಮ ಕೈ.”

ಹಲ್ಲಣ್ಣ ನೆಲ ನೋಡಿದರು. ಅವರು ಮಾಡಿದ ಬದಲಾವಣೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಬಲಗಡೆ ಒಂದು ಎಳೆ, ಎಡಗಡೆ ಅದಕ್ಕೆ ಸರಿತೂಗಿಸಿ ಇನ್ನೊಂದು ಎಳೆ. ಆದರೆ ಉಜ್ಜಿದ ಮೇಲೆ ಹೊಳಪು ಕೊಡದೆ ಬಿಡಲು ಅವರಿಂದ ಆಗಿರಲಿಲ್ಲ.

“ನೀವು ಮಾಡ್ತಿರೋದು ಸರಿಯಿಲ್ಲ ಅಂತ ಅಲ್ಲ ಮೇಡಂ. ಒಂಚೂರು ಎತ್ತರ ಇತ್ತು ಅಷ್ಟೇ” ಎಂದರು.

“ಎತ್ತರ ಇರಲಿಲ್ಲ ಅಣ್ಣ. ಇದ್ರೂ, ಅದನ್ನ ಹೇಳ್ಬೇಕಾದ ಬಾಯಿ ಈಗ ನಿಮ್ಮ ಹತ್ರ ಇಲ್ಲ.” ಡಾಕ್ಟರು ಗಾರ್ಡನ್ನು ಟ್ರೇಯಲ್ಲಿಟ್ಟರು. “ನೀವು ಕೈ ಕಟ್ಟಿ ಕೂರೋ ತನಕ ನಾನು ಇದ್ರಲ್ಲಿ ಕೈ ಹಾಕಲ್ಲ. ಕೂತ್ಕೋತೀನಿ ಅನ್ನಿಸಿದ ದಿನ ಬನ್ನಿ. ಯಾವಾಗ ಬಂದ್ರೂ ನೋಡ್ತೀನಿ.”

ಹಲ್ಲಣ್ಣ ವಾಪಸು ಹೋಗಲಿಲ್ಲ. ಆ ಹೊತ್ತಿಗೆ ಅವರ ತಲೆಯಲ್ಲಿ ಬೇರೆಯೇ ಯೋಜನೆ ತಯಾರಾಗಿತ್ತು. ಅವರ ಇಡೀ ವೃತ್ತಿಯಲ್ಲಿ ಅತಿ ಸುಲಭದ ರೋಗಿಗಳೆಂದರೆ ಒಂದೂ ಹಲ್ಲಿಲ್ಲದವರು. ಒಂದೆರಡು ಹಲ್ಲು ಉಳಿದವರಿಗೆ ಸೆಟ್ ಮಾಡುವುದು ಪಡಿಪಾಟಲು. ಉಳಿದ ಹಲ್ಲು ಹೇಗಿದೆಯೋ ಅದಕ್ಕೆ ಹೊಂದಿಕೊಳ್ಳಬೇಕು. ಬರೀ ಒಸಡಿನ ಬಾಯಿಯಾದರೆ ಎಲ್ಲಿ ಬೇಕೋ ಅಲ್ಲಿ ಹಲ್ಲು ಕೂರಿಸಬಹುದು. ಹಾಗಾದರೆ ತಮ್ಮ ಬಾಯಿಯನ್ನೂ ಮೊದಲಿನಿಂದ ಕಟ್ಟಬಹುದು ಎಂದು ಅವರಿಗೆ ತೋರಿತು. ಎಲ್ಲ ಹಲ್ಲು ತೆಗೆಸಿ, ತಾವೇ ಒಂದು ಸೆಟ್ ಮಾಡಿಕೊಂಡು, ಹಲ್ಲು ಸೇರುವ ಜಾಗವನ್ನು ತಾವೇ ನಿಶ್ಚಯಿಸುವುದು. ನೋವು ಹೋದರೆ ಬೆಂಚಿಗೆ ಮರಳುವುದು.

ಯಾವ ಡಾಕ್ಟರೂ ಇದಕ್ಕೆ ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಯಾವ ತೊಂದರೆ ಹೇಳಿಕೊಂಡರೆ ಡಾಕ್ಟರು ಹಲ್ಲು ಕೀಳುತ್ತಾರೆ ಎಂಬುದೂ ಗೊತ್ತಿತ್ತು. ತಮ್ಮನ್ನು ಯಾರೂ ಗುರುತಿಸದ ದೂರದ ಬಡಾವಣೆಯ ಕ್ಲಿನಿಕ್ಕುಗಳಿಗೆ ಒಂದೊಂದಾಗಿ ಹೋದರು. ದವಡೆಯ ಕೀಲಿನ ಮಾತೇ ಎತ್ತಲಿಲ್ಲ. ತಣ್ಣೀರು ತಾಗಿದರೆ ಜೀವ ಹೋಗುತ್ತದೆ, ಬಿಸಿ ತಾಗಿದರೆ ಹತ್ತು ನಿಮಿಷ ನೋವು ನಿಲ್ಲುವುದಿಲ್ಲ, ಬಡಿದರೆ ಮಿಡಿಯುತ್ತದೆ ಎಂದರು. ಉಜ್ಜಿದ ಹಲ್ಲುಗಳ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ನರ ತೆಗೆದು ಹಲ್ಲು ಉಳಿಸಬಹುದು ಎಂದವರಿಗೆ, ವಯಸ್ಸಾಯಿತು, ಅಷ್ಟೊಂದು ಸಲ ಓಡಾಡಲಾರೆ, ಕಿತ್ತುಬಿಡಿ ಎಂದರು. ಒಬ್ಬೊಬ್ಬರು ಒಂದೋ ಎರಡೋ ಹಲ್ಲು ಕಿತ್ತರು. ಇಡೀ ಬಾಯಿಯ ಕತೆ ಅವರಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಯಲ್ಲಿ ಹೆಂಡತಿ ಕೇಳಿದಾಗ, ಹಲ್ಲು ನೋವಿತ್ತು, ತೆಗೆಸಿದೆ ಎನ್ನುತ್ತಿದ್ದರು. ಮೂರನೆಯ ಸಲ ಆಕೆ ಕೇಳುವುದನ್ನು ಬಿಟ್ಟರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದ ದಿನ ಗಂಜಿ ಮಾಡಿ, ಆರಿಸಿ, ಎದುರಿಗಿಟ್ಟು ಕೌಂಟರಿನ ಕೆಲಸಕ್ಕೆ ಹೊರಡುತ್ತಿದ್ದರು. ಗಂಡನ ಕೆನ್ನೆ ಒಳಕ್ಕೆ ಇಳಿಯುತ್ತಿತ್ತು. ನೋವೂ ನಿಂತಿರಲಿಲ್ಲ. ಆಕೆ ತಮ್ಮನ ಹತ್ತಿರ ಅತ್ತದ್ದು ಒಮ್ಮೆ ಮಾತ್ರ. ಒಬ್ಬ ಮನುಷ್ಯ ತನ್ನನ್ನು ತಾನೇ ಕಿತ್ತು ಹಾಕುವುದನ್ನು ದಿನಾ ನೋಡಿಕೊಂಡು ಅಡುಗೆ ಮಾಡುವುದು ಹೇಗೆ ಎಂದು ಕೇಳಿದರು.

ಒಂದು ಮಂಗಳವಾರ ಲ್ಯಾಬಿಗೆ ಒಂದು ಹೊಸ ಕ್ಲಿನಿಕ್ಕಿನಿಂದ ಅಚ್ಚು ಬಂತು. ಆ ಕ್ಲಿನಿಕ್ಕು ಇವರಿಗೆ ಕೆಲಸ ಕೊಡಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಹಿಂದಿನ ಹಲ್ಲು ಕಿತ್ತ ರೋಗಿಗೆ ಸದ್ಯಕ್ಕೆ ಒಂದು ಸಣ್ಣ ಸೆಟ್ ಬೇಕು ಎಂದು ಹೇಳಿ ಕಳಿಸಿದ್ದರು. ಭಾವಮೈದ ಪ್ಲಾಸ್ಟರ್ ಕಲಸಿ ಸುರಿದ. ಗಟ್ಟಿಯಾದ ಮೇಲೆ ಅಚ್ಚು ಬಿಡಿಸಿದ. ಕೈ ಅಲ್ಲೇ ನಿಂತಿತು. ಈ ಕೆಲಸ ಮಾಡುವವರಿಗೆ ಬಾಯಿ ಎಂದರೆ ಮುಖವಿದ್ದ ಹಾಗೆ. ಮುಂದಿನ ಎರಡನೆಯ ಹಲ್ಲು ಬಾಗಿಲು ಅರ್ಧ ತೆರೆದಂತೆ ತುಸು ತಿರುಗಿತ್ತು. ಗಾರ್ಡು ಮಾಡಿಕೊಳ್ಳಲೆಂದು ಭಾವ ಮೊದಲ ಸಲ ಅಚ್ಚು ತೆಗೆಸಿಕೊಂಡಾಗ ಆತ ಇದೇ ತಿರುಗಿದ ಹಲ್ಲನ್ನು ಕಂಡಿದ್ದ. ಆ ಅಚ್ಚಿನಲ್ಲಿ ಹಲ್ಲುಗಳಿದ್ದ ಕಡೆ ಈಗ ಬೋಳು ಒಸಡಿತ್ತು.

ಆತ ಪ್ಲಾಸ್ಟರಿನ ಬಾಯಿಯನ್ನು ಬೆಂಚಿನ ಮೇಲೆ, ಹಲ್ಲಣ್ಣನ ಮುಂದೆ ಇಟ್ಟ.

“ಭಾವ, ಇದು ಯಾರದು?”

ಹಲ್ಲಣ್ಣ ಅದರತ್ತ ನೋಡದೆ, ಇನ್ನೂ ಒದ್ದೆಯಿದೆ, ಬೆರಳೊತ್ತಬೇಡ ಎಂದರು. ಆಮೇಲೆ ಸಣ್ಣ ದನಿಯಲ್ಲಿ, ಉಳಿದಿರುವುದೂ ಹೋದರೆ ಹೊಸದಾಗಿ ಕಟ್ಟಬಹುದು ಎಂದು, ತಾವು ಯಾರಿಗೂ ಹೇಳದ ಯೋಜನೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಹಳೆಯ ಗೆಲುವಿನ ಒಂದು ಚೂರು ಕಂಡಿತು ಎಂದು ಭಾವಮೈದ ನೆನೆಸಿಕೊಳ್ಳುತ್ತಾನೆ. ಆತನಿಗೆ ಹೆದರಿಕೆಯಾದದ್ದು ಅದನ್ನು ಕಂಡೇ.

“ಹಲ್ಲು ಹೊಸದು ಕಟ್ಟಬಹುದು. ಕೀಲು ಹಳೇದೇ ಅಲ್ವಾ ಭಾವ?”

ಹಲ್ಲಣ್ಣ ಸ್ಪಿರಿಟ್ ದೀಪದ ಬತ್ತಿ ಸರಿಮಾಡಿದರು.

ಆ ಮಾತಿನ ಮೇಲೂ ಉಳಿದ ಹಲ್ಲುಗಳು ಹೋದವು. ಅಷ್ಟು ಹೊತ್ತಿಗೆ ಅವುಗಳನ್ನು ಉಳಿಸಿಕೊಳ್ಳಲು ಕಾರಣವೂ ಉಳಿದಿರಲಿಲ್ಲ. ಹಿಂದಿನ ಆಸರೆ ತಪ್ಪಿ ಮುಂದಿನವು ಅಲ್ಲಾಡತೊಡಗಿದ್ದವು. ತಿರುಗಿದ ಹಲ್ಲು ಕೊನೆಗೆ ಹೋಯಿತು. ಗಾಯ ಮಾಯಲು ಬಿಟ್ಟರು. ಹೆಂಡತಿ ಎಲ್ಲವನ್ನೂ ಹಿಸುಕಿ ಕೊಟ್ಟರು. ಬೀದಿಯಲ್ಲಿ ಹೊಸಬನೊಬ್ಬ, ಹಲ್ಲಿಲ್ಲದ ಇವರನ್ನು ಹಲ್ಲಣ್ಣ ಅಂತ ಯಾಕೆ ಕರೀತೀರಿ ಎಂದು ಕೇಳಿದನಂತೆ. ಸೈಕಲ್ ಅಂಗಡಿಯವನು ಆತನನ್ನು ಗದರಿ ಕಳಿಸಿದ.

ಒಸಡು ಮಾಯ್ದು ಗುಲಾಬಿಯಾಯಿತು. ಎಡಗಿವಿಯ ಮುಂದಿನ ನೋವು ಬೆಳಿಗ್ಗೆ ಎದ್ದಾಗ ಅಲ್ಲೇ ಇತ್ತು. ಈಗ ಒತ್ತಲು ಹಲ್ಲಿಲ್ಲದ್ದರಿಂದ ನಿದ್ದೆಯಲ್ಲಿ ಒಸಡಿಗೆ ಒಸಡು ಒತ್ತುತ್ತಿದ್ದರು. ಸದ್ದಿಲ್ಲದ್ದರಿಂದ ಹೆಂಡತಿಗೂ ಗೊತ್ತಾಗುತ್ತಿರಲಿಲ್ಲ.

ಆಗ ಅವರು ಹಳೆಯ ಡಾಕ್ಟರ ಬಳಿ ಹೋದರು. ಹೆಂಡತಿ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ಡಾಕ್ಟರು ಬಾಯಿಯೊಳಗೆ ನೋಡಿ ತುಸು ಹೊತ್ತು ಕೈಗವಸನ್ನು ಸರಿಮಾಡಿಕೊಳ್ಳುತ್ತ ನಿಂತರು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆಗೆಸಿದರು. ಟಕ್ ಎಂದದ್ದು ಅವರ ಬೆರಳಿಗೂ ತಿಳಿಯಿತು.

“ಇನ್ನು ಉಜ್ಜೋಕೆ ಏನೂ ಇಲ್ಲ ಮೇಡಂ” ಎಂದರು ಹಲ್ಲಣ್ಣ. “ಕೈ ಕಟ್ಕೊಂಡೇ ಬಂದಿದೀನಿ. ಸೆಟ್ ಮಾಡ್ಕೊಡಿ. ಭಾವಮೈದ ಹಲ್ಲು ಕೂರಿಸ್ತಾನೆ. ನೀವು ಜಾಗ ತೋರಿಸಿದ್ರೆ ಸಾಕು.”

ಸೆಟ್ ಮಾಡುವ ಮೊದಲು ಮೇಲಿನ ದವಡೆ ಕೆಳಗಿನದನ್ನು ಎಲ್ಲಿ ಸೇರುತ್ತದೆ ಎಂಬುದನ್ನು ಹಿಡಿಯಬೇಕು. ಅದಕ್ಕೆ ಮೇಣದ ಎರಡು ದಿಂಡುಗಳನ್ನು ಒಸಡಿನ ಮೇಲೆ ಕೂರಿಸಿ, ಉಗುಳು ನುಂಗಿಸಿ, ನಿಧಾನವಾಗಿ ಬಾಯಿ ಮುಚ್ಚಿಸುತ್ತಾರೆ. ಮೇಣ ಸೇರಿದಲ್ಲಿ ಗುರುತು ಹಾಕುತ್ತಾರೆ. ಡಾಕ್ಟರು ಮೊದಲ ಸಲ ಮಾಡಿದಾಗ ಗುರುತು ಒಂದು ಕಡೆ ಬಿತ್ತು. ಎರಡನೆಯ ಸಲ ದವಡೆ ಮುಂದಕ್ಕೆ ಬಂತು. ಮೂರನೆಯ ಸಲ ಬಲಕ್ಕೆ ವಾಲಿತು. ಗೋಡೆಯ ಕಡೆ ನೋಡಿ, ಏನೂ ಯೋಚಿಸಬೇಡಿ, ಸುಮ್ಮನೆ ಮುಚ್ಚಿ ಎಂದರು. ಹಲ್ಲಣ್ಣ ಸುಮ್ಮನೆ ಮುಚ್ಚಲು ಬಹಳ ಕಷ್ಟಪಟ್ಟರು. ಹಣೆಯಲ್ಲಿ ಬೆವರು ಮೂಡಿತು. ಮೇಣ ಬೇರೊಂದು ಕಡೆಯಲ್ಲಿ ಸೇರಿತು.

“ಯಾವುದು ಸರಿ ಅನ್ಸುತ್ತೆ ನಿಮಗೆ?” ಎಂದು ಡಾಕ್ಟರು ಕೇಳಿದರು.

ಹಲ್ಲಣ್ಣ ಬಾಯಿಯಿಂದ ಮೇಣ ತೆಗೆದು ಕೈಯಲ್ಲಿ ಹಿಡಿದು ನೋಡಿದರು. ಮುಂದಕ್ಕೆ, ಬಲಕ್ಕೆ, ಹಿಂದಕ್ಕೆ. ಎಲ್ಲ ಗುರುತುಗಳೂ ಯಾರದೋ ಬಾಯಿಗೆ ಸರಿಯಾಗಿದ್ದವು.

“ಎಲ್ಲಾನೂ ಸರಿ ಅನ್ಸುತ್ತೆ” ಎಂದರು.

ಡಾಕ್ಟರು ಮೇಣವನ್ನು ವಾಪಸು ತೆಗೆದುಕೊಂಡು, ಈಗ ಸೆಟ್ ಮಾಡಿದರೆ ಅದು ನಿಲ್ಲುವುದಿಲ್ಲ ಎಂದು ವಿವರಿಸಿದರು. ಕೀಲೂ ಸ್ನಾಯುವೂ ಮೊದಲು ಒಂದು ನೆಲೆಗೆ ಬರಬೇಕು. ಶಾಖ, ವ್ಯಾಯಾಮ, ಮಾತ್ರೆ, ಮೊದಲ ದಿನ ಹೇಳಿದ್ದೇ. ಈಗ ಹಲ್ಲಿನ ಆಸರೆ ಇಲ್ಲದ್ದರಿಂದ ಅದು ಆಗಿನಷ್ಟು ಸುಲಭವಲ್ಲ. ಎಷ್ಟು ದಿನ ಬೇಕಾಗುತ್ತದೆ ಎಂದು ಹಲ್ಲಣ್ಣ ಕೇಳಿದರು.

“ಗೊತ್ತಿಲ್ಲ” ಎಂದರು ಡಾಕ್ಟರು.

“ಆಮೇಲಾದ್ರೂ ಒಂದೇ ಕಡೆ ಸೇರುತ್ತಾ?”

“ಅದೂ ಗೊತ್ತಿಲ್ಲ ಅಣ್ಣ. ಸೇರುತ್ತೆ ಅಂತ ಹೇಳಿ ಕಳಿಸಿದ್ರೆ ನಾಳೆನೇ ನೀವು ಬೆಂಚಿನ ಮುಂದೆ ಕೂತಿರ್ತೀರಿ.”

ಹೆಂಡತಿ ಹೊರಗಿನ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದ್ದು ಅವರ ಜೊತೆ ಮೆಟ್ಟಿಲು ಇಳಿದರು. ಕೆಳಗೆ ಬಂದ ಮೇಲೆ ಹಲ್ಲಣ್ಣನೇ ಹೇಳಿದರು: ಸೆಟ್ ಈಗ ಆಗುವುದಿಲ್ಲವಂತೆ, ಯಾವಾಗ ಎಂದು ಡಾಕ್ಟರಿಗೂ ಗೊತ್ತಿಲ್ಲವಂತೆ. ಲ್ಯಾಬನ್ನು ಇನ್ನು ನಿನ್ನ ತಮ್ಮನ ಹೆಸರಿಗೇ ಮಾಡಿಬಿಡೋಣ ಎಂದೂ ಹೇಳಿದರು. ಹಲ್ಲಿಲ್ಲದ ಬಾಯಲ್ಲಿ ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ಆಕೆಗೆ ಅರ್ಥವಾಯಿತು. ಬೇಡ ಎನ್ನುತ್ತಾರೇನೋ ಎಂದು ಅವರು ಒಂದು ಕ್ಷಣ ಕಾದರು. ಆಕೆ ಬೇಡ ಎನ್ನಲಿಲ್ಲ.

ಇಬ್ಬರೂ ಬಸ್ ನಿಲ್ದಾಣದ ಕಡೆಗೆ ನಡೆದರು. ಮಧ್ಯಾಹ್ನದ ಹೊತ್ತು, ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ಹಲ್ಲಣ್ಣ ಗದ್ದಕ್ಕೆ ಕೈಕೊಟ್ಟುಕೊಂಡಿದ್ದರು.

“ಈಗಲೂ ನೋಯ್ತಿದೆಯಾ?” ಎಂದು ಆಕೆ ಕೇಳಿದರು.

“ಹೂಂ.”

“ಜಾಸ್ತಿನಾ?”

ಅವರು ಯೋಚಿಸಿದರು. ಹೆಂಡತಿಗೆ ಸರಿಯಾದ ಉತ್ತರವನ್ನೇ ಕೊಡಬೇಕೆಂಬಂತೆ ಬಾಯಿಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿದರು.

“ಇಲ್ಲ. ಅಷ್ಟೇ ಇದೆ” ಎಂದರು.